1792ರ ಶ್ರೀರಂಗಪಟ್ಟಣ: ಮಿತ್ರಪಡೆಗಳ ರಾತ್ರಿ ದಾಳಿಯನ್ನು ತೋರಿಸುವ 5×3 ಅಡಿಯ ನೆಲಮಾದರಿ ಕಟ್ಟಿದ ಬಗೆ

ಈ ಮಾದರಿ ತೋರಿಸುವುದು ಒಂದೇ ಒಂದು ರಾತ್ರಿಯನ್ನು. 1792ರ ಫೆಬ್ರವರಿ 6ರ ರಾತ್ರಿ ಎಂಟೂವರೆಗೆ ಹಿರೋಡೆಯ ಬಯಲಿನಿಂದ, ಅಂದರೆ ಇಂದಿನ ಪಾಂಡವಪುರದ ಕಡೆಯಿಂದ, ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಕಾಲಾಳು ಮೂರು ಸಾಲಾಗಿ ಹೊರಟಿತು. ಬೆಳಗಾಗುವ ಹೊತ್ತಿಗೆ ಕಾವೇರಿಯ ಉತ್ತರ ದಡದಲ್ಲಿದ್ದ ಟಿಪ್ಪುವಿನ ಪಾಳೆಯದ ಬಹುಭಾಗ ಕೈತಪ್ಪಿತ್ತು, ದ್ವೀಪದ ಪೂರ್ವಭಾಗಕ್ಕೂ ಕಂಪನಿಯ ಸೈನಿಕರು ದಾಟಿದ್ದರು. ಈಸ್ಟ್ ಇಂಡಿಯಾ ಕಂಪನಿ, ಹೈದರಾಬಾದಿನ ನಿಜಾಮ, ಪುಣೆಯ ಪೇಶ್ವೆ, ಈ ಮೂವರು 1790ರಲ್ಲಿ ಕೂಡಿ ಆರಂಭಿಸಿದ ದಂಡಯಾತ್ರೆಯ ಕೊನೆಯ ಘಟ್ಟವಿದು.

ಇಂಥ ಮಾದರಿಗಳಲ್ಲಿ ಸಾಮಾನ್ಯವಾಗಿ ಕೋಟೆಗೆ ಹೆಚ್ಚು ಶ್ರಮ ಹೋಗುತ್ತದೆ, ನದಿಗೆ ನೀಲಿ ಬಣ್ಣ ಬಳಿದು ಬಿಡುತ್ತಾರೆ. ಇಲ್ಲಿ ಅದನ್ನು ತಿರುಗುಮುರುಗು ಮಾಡಿದೆ. ಇದೇ ಸೇನೆ ಇದೇ ಊರಿನ ಮುಂದೆ 1791ರ ಮೇ ತಿಂಗಳಲ್ಲಿ ಬಂದು, ಗೆದ್ದೂ ಬರಿಗೈಯಲ್ಲಿ ಹಿಂದಿರುಗಿತ್ತು. ಒಂಬತ್ತು ತಿಂಗಳ ಅಂತರದಲ್ಲಿ ಬದಲಾದದ್ದು ಹಲವಿದ್ದರೂ ನೆಲದ ಮೇಲೆ ಕೈಯಿಟ್ಟು ತೋರಿಸಬಹುದಾದದ್ದು ನೀರು. ಆದ್ದರಿಂದ ನದಿ, ಹೊಳೆ, ನಾಲೆ ಸರಿಯಾಗಿ ಕೂರಬೇಕು. ಉಳಿದದ್ದು ಅದರ ಮೇಲೆ ನಿಲ್ಲುತ್ತದೆ.

ಅಳತೆ

ಅಳತೆ 1:10,000. ನೆಲದ 1 ಕಿ.ಮೀ. ಹಲಗೆಯ ಮೇಲೆ 10 ಸೆಂ.ಮೀ. ಹಲಗೆ 5 ಅಡಿ ಉದ್ದ (ಉತ್ತರ-ದಕ್ಷಿಣ), 3 ಅಡಿ ಅಗಲ (ಪೂರ್ವ-ಪಶ್ಚಿಮ). ಇದರಲ್ಲಿ ಸುಮಾರು 15×9 ಕಿ.ಮೀ. ನೆಲ ಹಿಡಿಯುತ್ತದೆ. ದಕ್ಷಿಣದಲ್ಲಿ ಕಾವೇರಿಯ ದಕ್ಷಿಣ ಕವಲಿನಿಂದ ಆಚೆ ಒಂದೂವರೆ ಕಿ.ಮೀ., ಉತ್ತರದಲ್ಲಿ ಕುಂತಿಬೆಟ್ಟದ ಹಿಂದೆ ನಿಜಾಮನ ಮತ್ತು ಮರಾಠರ ಬಿಡಾರಗಳಿಗೆ ಜಾಗ. ದ್ವೀಪ ಸುಮಾರು 50 ಸೆಂ.ಮೀ. ಉದ್ದ ಬರುತ್ತದೆ.

ಎತ್ತರವನ್ನು ಅದೇ ಅಳತೆಯಲ್ಲಿ ಇಟ್ಟರೆ ಬೆಟ್ಟಗಳು ಕಾಣುವುದೇ ಇಲ್ಲ. ಕರೀಘಟ್ಟದ ತುದಿ ಸಮುದ್ರಮಟ್ಟದಿಂದ 822 ಮೀಟರ್, ಪಟ್ಟಣದ ನೆಲ 680ರ ಸುಮಾರು. ವ್ಯತ್ಯಾಸ 140 ಮೀಟರ್, ಹಲಗೆಯ ಮೇಲೆ ಬರೀ 14 ಮಿ.ಮೀ. ಅದಕ್ಕೆ ಎತ್ತರವನ್ನು ಎರಡೂವರೆ ಪಟ್ಟು ಹಿಗ್ಗಿಸಿದೆ. ಈ ಅಂಕಿಯನ್ನು ಆರಿಸಲು ಒಂದು ಕಾರಣವಿದೆ: ಸರ್ವೇ ಇಲಾಖೆಯ 1:50,000 ನಕ್ಷೆಯಲ್ಲಿ ಸಮೋನ್ನತಿ ರೇಖೆಗಳು (ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳು) 20 ಮೀಟರಿಗೊಂದು. 20 ಮೀಟರ್ ಎಂದರೆ 2 ಮಿ.ಮೀ., ಅದರ ಎರಡೂವರೆ ಪಟ್ಟು 5 ಮಿ.ಮೀ. ಅಂಗಡಿಯಲ್ಲಿ ಸಿಗುವ 5 ಮಿ.ಮೀ. ಸನ್‌ಬೋರ್ಡಿನ (ಹಗುರ ಪ್ಲಾಸ್ಟಿಕ್ ಹಲಗೆ) ಒಂದು ಪದರ ಒಂದು ರೇಖೆಗೆ ನೇರವಾಗಿ ಹೊಂದುತ್ತದೆ, ಲೆಕ್ಕ ತಪ್ಪುವ ಪ್ರಶ್ನೆಯೇ ಬರುವುದಿಲ್ಲ. ಮೂರು ಪಟ್ಟಿಗಿಂತ ಹೆಚ್ಚು ಹಿಗ್ಗಿಸಬೇಡಿ. ಕರೀಘಟ್ಟ ಗೋಪುರದಂತೆ ಎದ್ದು ನಿಂತು, ಹತ್ತಿ ಹಿಡಿಯಲಾಗದ ಬೆಟ್ಟವೆಂಬ ತಪ್ಪು ಭಾವನೆ ಕೊಡುತ್ತದೆ.

ನಕ್ಷೆಯಿಂದ ಅಳಿಸಬೇಕಾದದ್ದು

ಹಳೆಯ ಸಂಖ್ಯೆಯ ಪ್ರಕಾರ ಶ್ರೀರಂಗಪಟ್ಟಣ 57 ಡಿ/11ರ ಹಾಳೆಯಲ್ಲಿದೆ. ಆದರೆ ಆ ಹಾಳೆ 12°30′ ಅಕ್ಷಾಂಶಕ್ಕೆ ಮುಗಿಯುತ್ತದೆ, ಪಾಂಡವಪುರ ಸರಿಯಾಗಿ ಆ ಅಂಚಿನಲ್ಲೇ ಕೂತಿದೆ. ಮೇಲಿನ 57 ಡಿ/10 ಕೂಡ ಬೇಕು. ಒಂದೇ ಹಾಳೆ ಇಟ್ಟುಕೊಂಡು ಕೆಲಸ ಶುರುಮಾಡಿದರೆ ದಾಳಿ ಹೊರಟ ಜಾಗವೇ ಹಲಗೆಯಿಂದ ಆಚೆ ಉಳಿಯುತ್ತದೆ. ಎರಡನ್ನೂ ಜೋಡಿಸಿ ಐದು ಪಟ್ಟು ಹಿಗ್ಗಿಸಿ ಎ3 ಹಾಳೆಗಳಲ್ಲಿ ಮುದ್ರಿಸಿ. ಮುದ್ರಣದ ಪರದೆಯಲ್ಲಿ "ಹಾಳೆಗೆ ಹೊಂದಿಸು" ಎಂಬ ಆಯ್ಕೆ ಆರಿಸಿರಬಾರದು. ಅದು ಸದ್ದಿಲ್ಲದೆ ಮೂರು ನಾಲ್ಕು ಪ್ರತಿಶತ ಕುಗ್ಗಿಸುತ್ತದೆ, ಆಮೇಲೆ ಹಾಳೆಗಳ ಅಂಚು ಒಂದಕ್ಕೊಂದು ಕೂಡುವುದಿಲ್ಲ. ಮೊದಲ ಹಾಳೆ ಬಂದ ಕೂಡಲೇ 1 ಕಿ.ಮೀ. ಚೌಕವನ್ನು ಸ್ಕೇಲಿನಿಂದ ಅಳೆದು 10 ಸೆಂ.ಮೀ. ಇದೆಯೇ ನೋಡಿಕೊಳ್ಳಿ.

ಈಗ ಕೆಂಪು ಪೆನ್ನು ಹಿಡಿದು 1792ರ ನಂತರದ್ದೆಲ್ಲ ಹೊಡೆದುಹಾಕಿ. ಬೆಂಗಳೂರು-ಮೈಸೂರು ಹೆದ್ದಾರಿ, ರೈಲು ಹಳಿ, 1804ರ ವೆಲ್ಲೆಸ್ಲಿ ಸೇತುವೆ, ಸಕ್ಕರೆ ಕಾರ್ಖಾನೆ, ಇವೆಲ್ಲ ಸುಲಭ. ಎಡವುವುದು ನಾಲೆಗಳಲ್ಲಿ. ವಿಶ್ವೇಶ್ವರಯ್ಯ ನಾಲೆ ಕನ್ನಂಬಾಡಿ ಕಟ್ಟೆಯ ಜೊತೆ ಬಂದದ್ದು, ಅದು ಹೋಗಬೇಕು. ಅದರ ಕೆಳಗೆ ಇಂದು ಹಬ್ಬಿರುವ ಕಬ್ಬು ಮತ್ತು ಭತ್ತದ ಹಸಿರೂ ಹೋಗಬೇಕು. ಚಿಕ್ಕದೇವರಾಜ ಸಾಗರ ನಾಲೆ ಹದಿನೇಳನೇ ಶತಮಾನದ್ದು, ಉಳಿಯಬೇಕು. ದಾಳಿಯ ದಾರಿಗೆ ಅಡ್ಡ ಬಂದ ನೀರುಗಳಲ್ಲಿ ಈ ಉತ್ತರ ದಡದ ನಾಲೆಯೂ ಒಂದು. ದ್ವೀಪಕ್ಕೆ ನೀರೊಯ್ಯುವ ಬಂಗಾರದೊಡ್ಡಿ ನಾಲೆ ಅದಕ್ಕೂ ಹಳೆಯದು, ಅದನ್ನೂ ಉಳಿಸಿ. ಉಪಗ್ರಹ ಚಿತ್ರ ನೋಡಿ ಬಣ್ಣ ಹಚ್ಚಿದರೆ ಪಾಂಡವಪುರದಿಂದ ನದಿಯವರೆಗೂ ಒಂದೇ ಹಸಿರು ಹಾಸು ಆಗುತ್ತದೆ. ಆಗ ಎಂಟು ಸಾವಿರ ಜನ ರಾತ್ರಿ ಹೊತ್ತು ಅಷ್ಟು ದೂರ ನಡೆದು ಬಂದದ್ದು ಹೇಗೆಂದು ಯಾರಿಗೂ ಅರ್ಥವಾಗುವುದಿಲ್ಲ. ಬಹುಪಾಲು ದಾರಿ ಒಣ ಬಯಲು. ಗದ್ದೆ ಇದ್ದದ್ದು ನಾಲೆಯ ಕೆಳಗೆ, ಹೊಳೆಯ ಪಕ್ಕ.

ಕಂಪನಿಯ ಇಂಜಿನಿಯರುಗಳು ಬರೆದ ಅಂದಿನ ನಕ್ಷೆಗಳಿಂದ ಟಿಪ್ಪುವಿನ ಪಾಳೆಯದ ಬೇಲಿ ಮತ್ತು ಬುರುಜುಗಳ ಜಾಗ ಸಿಗುತ್ತದೆ. ಇಂದಿನ ನಕ್ಷೆಯ ಮೇಲೆ ಅದನ್ನು ಕೂರಿಸಲು ಬದಲಾಗದ ಐದು ಬಿಂದುಗಳು ಸಾಕು: ಕೋಟೆಯ ವಾಯವ್ಯ ಮೂಲೆ, ರಂಗನಾಥ ದೇವಾಲಯದ ಗೋಪುರ, ದರಿಯಾ ದೌಲತ್, ಗುಂಬಜ್, ಕರೀಘಟ್ಟದ ದೇವಾಲಯ. ಕಂಪ್ಯೂಟರಿನಲ್ಲಿ ಹೊಂದಿಸುವಾಗ ಸರಳ ರೂಪಾಂತರವನ್ನೇ (ಮೊದಲ ದರ್ಜೆಯದು) ಬಳಸಿ. ಬಗ್ಗಿಸಿ ಹೊಂದಿಸುವ ವಿಧಾನ ಈ ಐದು ಬಿಂದುಗಳ ಹತ್ತಿರ ಚೆನ್ನಾಗಿ ಕಂಡರೂ ಅವುಗಳ ಹೊರಗೆ ನಕ್ಷೆಯನ್ನು ಮನಬಂದಂತೆ ಎಳೆಯುತ್ತದೆ. ಪಾಳೆಯದ ಪಶ್ಚಿಮದ ಈದ್ಗಾ ಬುರುಜು ಈ ಬಿಂದುಗಳ ಹೊರಗೇ ಬರುವುದರಿಂದ ಆ ಎಳೆತಕ್ಕೆ ಮೊದಲು ಸಿಕ್ಕುವುದು ಅದೇ.

ಸಾಮಾನು

12 ಮಿ.ಮೀ. ಪ್ಲೈವುಡ್ 3×3 ಅಡಿ ಒಂದು, 2×3 ಅಡಿ ಒಂದು. ಐದಡಿಯ ಒಂದೇ ಹಲಗೆ ಬೇಡ, ಮೆಟ್ಟಿಲು ತಿರುವುಗಳಲ್ಲಿ ಒಯ್ಯಲಾಗದು. ದಕ್ಷಿಣದ ತುಂಡಿನಲ್ಲಿ ಯುದ್ಧಭೂಮಿ, ಉತ್ತರದ ತುಂಡಿನಲ್ಲಿ ಬಿಡಾರ, ಜೋಡಣೆಯ ಗೆರೆ ನಡುವಿನ ಬಯಲಿನಲ್ಲಿ ಬರುತ್ತದೆ. ಅಡಿಯಲ್ಲಿ 2×1 ಇಂಚಿನ ರೀಪರ್ ಪಟ್ಟಿಗಳನ್ನು ಅಂಚಿನ ಮೇಲೆ ನಿಲ್ಲಿಸಿ ಚೌಕಟ್ಟು. ತುಂಡುಗಳ ಜೋಡಣೆಗೆ 8 ಮಿ.ಮೀ. ಬೋಲ್ಟು ಎರಡು, ಚಿಟಿಕೆ ನಟ್ಟು ಎರಡು. 5 ಮಿ.ಮೀ. ಸನ್‌ಬೋರ್ಡ್ 8×4 ಅಡಿಯದು ಎರಡು, 3 ಮಿ.ಮೀ.ಯದು ಅರ್ಧ ಹಾಳೆ. ಅಂಟಿಗೆ ರಬ್ಬರ್ ಆಧಾರದ ಹಳದಿ ಅಂಟು (ಫೆವಿಕಾಲ್ ಎಸ್‌ಆರ್ ಬಗೆಯದು) ಅರ್ಧ ಲೀಟರ್, ಬಿಳಿ ಫೆವಿಕಾಲ್ 1 ಕೆ.ಜಿ. ವಾಲ್‌ಪುಟ್ಟಿ 5 ಕೆ.ಜಿ. ನದಿಯ ನೀರಿಗೆ ಎಪಾಕ್ಸಿ ರೆಸಿನ್ 100 ಮಿ.ಲೀ. ಜರಡಿ ಹಿಡಿದ ಕೆಂಪು ಮಣ್ಣು ಎರಡು ಕೆ.ಜಿ., ಎಂ-ಸ್ಯಾಂಡ್ ಒಂದು ಹಿಡಿ, ಗೋಣಿದಾರ ಒಂದು ಉಂಡೆ. ದೀಪದ ಸಾಮಾನು ಮುಂದೆ ಬರುತ್ತದೆ.

ಪದರಗಳು

ತಳದ ಪದರ ಇಡೀ ಹಲಗೆಗೆ ಹಾಸಿದ 5 ಮಿ.ಮೀ. ಬೋರ್ಡು, ನದಿಯ ಆಕಾರ ಮಾತ್ರ ಕತ್ತರಿಸಿ ತೆಗೆದದ್ದು. ಅದರ ಮೇಲೆ 700 ಮೀಟರಿನ ರೇಖೆ, ಆಮೇಲೆ 720, 740 ಹೀಗೆ. ಕರೀಘಟ್ಟಕ್ಕೆ 820ರವರೆಗೆ ಏಳು ಪದರ. ಕುಂತಿಬೆಟ್ಟಕ್ಕೆ 860ರವರೆಗೆ ಒಂಬತ್ತು, ಅದರ ಮೇಲಿನ ಬಂಡೆಗಳನ್ನು ಕೈಯಲ್ಲೇ ತಿದ್ದಿ ಕೂರಿಸಬೇಕು. ಬೋರ್ಡನ್ನು ಕಟರಿನಲ್ಲಿ ಎರಡು ಮೂರು ಬಾರಿ ಎಳೆದು ಕತ್ತರಿಸಿ. ಬಿಸಿ ತಂತಿ ಬಳಸಲೇಬಾರದು: ಸನ್‌ಬೋರ್ಡ್ ಪಿವಿಸಿ, ಸುಟ್ಟರೆ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಬರುತ್ತದೆ. ಥರ್ಮಾಕೋಲಿಗೆ ಹೊಂದುವ ಉಪಾಯ ಇದಕ್ಕೆ ಹೊಂದುವುದಿಲ್ಲ.

ಪದರಗಳ ನಡುವೆ ಬಿಳಿ ಫೆವಿಕಾಲ್ ಹಾಕಿದರೆ ಅಂಚು ಒಣಗುತ್ತದೆ, ನಡುಭಾಗ ವಾರ ಕಳೆದರೂ ಹಸಿಯಾಗಿಯೇ ಇರುತ್ತದೆ. ಎರಡೂ ಕಡೆ ನೀರು ಹೀರದ ಹಾಳೆ, ತೇವ ಹೋಗಲು ದಾರಿಯೇ ಇಲ್ಲ. ಹಳದಿ ಅಂಟನ್ನು ಎರಡೂ ಮುಖಕ್ಕೆ ತೆಳ್ಳಗೆ ಬಳಿದು, ಬೆರಳಿಗೆ ಅಂಟದಷ್ಟು ಒಣಗಲು ಹತ್ತು ಹದಿನೈದು ನಿಮಿಷ ಬಿಟ್ಟು, ಆಮೇಲೆ ಒತ್ತಬೇಕು. ಒತ್ತಿದ ಮೇಲೆ ಜರುಗಿಸಲಾಗದು. ಹಾಗಾಗಿ ಪ್ರತಿ ಪದರಕ್ಕೂ ಮೊದಲೇ ಎರಡು ಗುಂಡುಪಿನ್ನು ತೂರಿಸಿ ಜಾಗ ಗೊತ್ತುಮಾಡಿಕೊಂಡಿರಿ. ಕಿಟಕಿ ತೆರೆದಿರಲಿ.

ಮೆಟ್ಟಿಲುಗಳನ್ನು ಇಳಿಜಾರಾಗಿಸಲು ಪುಟ್ಟಿ. ನೇರವಾಗಿ ಹಚ್ಚಿದರೆ ಒಣಗಿದ ಮೇಲೆ ಹಪ್ಪಳದಂತೆ ಎದ್ದು ಬರುತ್ತದೆ. 80 ನಂಬರಿನ ಉಪ್ಪುಕಾಗದದಿಂದ ಬೋರ್ಡಿನ ಹೊಳಪು ಕೆರೆದು, ಫೆವಿಕಾಲ್ ಮತ್ತು ನೀರು ಸಮಸಮ ಬೆರೆಸಿ ಒಂದು ಕೈ ಬಳಿದು, ಅದು ಇನ್ನೂ ಸ್ವಲ್ಪ ಅಂಟಂಟಾಗಿರುವಾಗಲೇ ಪುಟ್ಟಿ ಹಚ್ಚಿ. ಒಂದು ಸಲಕ್ಕೆ 3 ಮಿ.ಮೀ.ಗಿಂತ ದಪ್ಪ ಬೇಡ, ಬಿರುಕು ಬಿಡುತ್ತದೆ. ಕರೀಘಟ್ಟದ ಬುಡಕ್ಕೆ ಮೂರು ಸಲ ಹಚ್ಚಬೇಕಾಗುತ್ತದೆ. ಮೇಲ್ಮೈಗೆ ಮಾತ್ರ ಪುಟ್ಟಿ ಹಚ್ಚಿ ಅಡಿಯ ಪ್ಲೈವುಡ್ಡನ್ನು ಏನೂ ಬಳಿಯದೆ ಬಿಟ್ಟರೆ ಹಲಗೆ ಬಿಲ್ಲಿನಂತೆ ಬಾಗುತ್ತದೆ. ಅಡಿಗೂ ಎರಡು ಕೈ ಪ್ರೈಮರ್ ಹೊಡೆಯಿರಿ, ಪುಟ್ಟಿ ಹಚ್ಚುವ ಮೊದಲೇ.

ಮಣ್ಣಿನ ಹೊದಿಕೆಗೆ ಟೀ ಜರಡಿ ಸಾಲದು. ಈ ಅಳತೆಯಲ್ಲಿ 0.2 ಮಿ.ಮೀ.ನ ಕಾಳು ಎರಡು ಮೀಟರಿನ ಬಂಡೆ. ಹಳೆಯ ನೈಲಾನ್ ಕಾಲುಚೀಲದಲ್ಲಿ ಮಣ್ಣು ಹಾಕಿ ಅಲುಗಿಸಿದರೆ ಬೀಳುವ ಧೂಳನ್ನು ಬಳಸಿ. ಫೆವಿಕಾಲ್ ಒಂದು ಪಾಲು, ನೀರು ಎರಡು ಪಾಲು, ಪಾತ್ರೆ ತೊಳೆಯುವ ದ್ರವ ಎರಡು ಹನಿ. ಈ ಎರಡು ಹನಿ ಇಲ್ಲದಿದ್ದರೆ ಸಿಂಪಡಿಸಿದ ನೀರು ಧೂಳಿನ ಮೇಲೆ ಮುತ್ತಿನಂತೆ ಉರುಳಿ ಗುಳಿ ಬೀಳಿಸುತ್ತದೆ. ಒಣಗಿದ ಮೇಲೆ ಬಣ್ಣ ಮೊದಲಿಗಿಂತ ಗಾಢವಾಗಿ ನಿಲ್ಲುವುದರಿಂದ ಬೇಕಾದ್ದಕ್ಕಿಂತ ತಿಳಿಬಣ್ಣದ ಮಣ್ಣನ್ನೇ ಆರಿಸಿ.

ನದಿ

ಇಲ್ಲಿ ಆದ ದೊಡ್ಡ ತಪ್ಪು ಮೊದಲ ಕತ್ತರಿಸುವಿಕೆಯಲ್ಲೇ ಇತ್ತು. ತಳದ 5 ಮಿ.ಮೀ. ಪದರದಲ್ಲಿ ನದಿಯ ಆಕಾರ ತೆಗೆದರೆ ಉಳಿಯುವುದು 5 ಮಿ.ಮೀ. ಆಳದ ಕಂದರ. ಹಿಗ್ಗಿಸಿದ ಎತ್ತರದ ಲೆಕ್ಕದಲ್ಲಿ 20 ಮೀಟರ್ ಆಳ! ಶಿವನಸಮುದ್ರದ ಕೆಳಗಿನ ಕಣಿವೆಯಂತೆ ಕಾಣುತ್ತದೆ, ಶ್ರೀರಂಗಪಟ್ಟಣದ ಕಾವೇರಿಯಂತಲ್ಲ. ಪರಿಹಾರ ಸರಳ: ಅದೇ ಆಕಾರವನ್ನು 3 ಮಿ.ಮೀ. ಬೋರ್ಡಿನಲ್ಲಿ ಕತ್ತರಿಸಿ ತಳಕ್ಕೆ ಅಂಟಿಸುವುದು. ದಡ 2 ಮಿ.ಮೀ. ಉಳಿಯುತ್ತದೆ. ಅದರಲ್ಲಿ ಕೆಳಗಿನ 1 ಮಿ.ಮೀ. ಫೆಬ್ರವರಿಯ ನೀರು, ಮೇಲಿನ 1 ಮಿ.ಮೀ. ಖಾಲಿ. ಆ ಖಾಲಿ ಜಾಗಕ್ಕೆ ಕೊನೆಯಲ್ಲಿ ಕೆಲಸವಿದೆ.

ಬೇಸಿಗೆಯ ಕಾವೇರಿ ಇಲ್ಲಿ ಒಂದೇ ಹರಿವಾಗಿ ಹರಿಯುವುದಿಲ್ಲ. ಬಂಡೆಗಳ ನಡುವೆ ಸೀಳುಸೀಳಾಗಿ, ಮರಳಿನ ದಿಣ್ಣೆಗಳನ್ನು ಸುತ್ತಿ, ಅಲ್ಲಲ್ಲಿ ಮಡುಗಟ್ಟಿ ಹೋಗುತ್ತದೆ. ಕಾರ್ನ್‌ವಾಲಿಸನ ನಡುಸಾಲಿನ ಮುಂದಿನ ತುಕಡಿಗಳು ಉತ್ತರ ಕವಲನ್ನು ಕಾಲ್ನಡೆಯಲ್ಲಿ ಹಾಯ್ದದ್ದು ಇಂಥ ನೀರಿನಲ್ಲಿ. ಒಂದು ಕಡೆ ಕೋಟೆಗೆ ತಗುಲಿದಂತೆ, ಇನ್ನೊಂದು ಕಡೆ ದೌಲತ್ ಬಾಗಿನ ಹತ್ತಿರ. ಬಂಡೆಗೆ ಎಂ-ಸ್ಯಾಂಡಿನಿಂದ ಒಂದೂವರೆ ಮಿ.ಮೀ. ಕಾಳುಗಳನ್ನು ಆರಿಸಿ ಚಿಮಟದಿಂದ ಕೂರಿಸಿ. ಅಳತೆಗೆ ಸ್ವಲ್ಪ ದೊಡ್ಡವೇ, ಆದರೂ ನೀರಿನ ಮೇಲೆ ತಲೆ ಎತ್ತಬೇಕಾದರೆ ಇಷ್ಟು ಬೇಕು. ಹಾಯುವ ಜಾಗಗಳಲ್ಲಿ ಬಂಡೆ ಒತ್ತಾಗಿರಲಿ, ಮಡುಗಳಲ್ಲಿ ಬಿಡಿ. ನದಿತಳದ ಬಣ್ಣ ಕಂದು-ಹಸಿರು, ನೀಲಿ ಒಂದು ಹನಿಯೂ ಬೇಡ.

ರೆಸಿನ್ ಎಷ್ಟು ಬೇಕೆಂದು ಅಂದಾಜು ಮಾಡಬೇಡಿ, ಎಣಿಸಿ. ನದಿಯ ಟ್ರೇಸನ್ನು ಗ್ರಾಫ್ ಹಾಳೆಯ ಮೇಲಿಟ್ಟು 1 ಸೆಂ.ಮೀ. ಚೌಕಗಳನ್ನು ಎಣಿಸಿದರೆ ಎರಡು ಕವಲು ಮತ್ತು ಮೇಲೆ ಕೆಳಗಿನ ಹರಿವು ಸೇರಿ ಸುಮಾರು 400 ಚದರ ಸೆಂ.ಮೀ. ಒಂದು ಮಿ.ಮೀ. ಆಳಕ್ಕೆ 40 ಮಿ.ಲೀ. ಪಾತ್ರೆಗೆ, ಕಡ್ಡಿಗೆ ಅಂಟುವುದು ಸೇರಿ 60 ಮಿ.ಲೀ. ಕಲಸಿ. ತಯಾರಕರು ಹೇಳಿದ ಪ್ರಮಾಣ ತೂಕದ್ದೋ ಅಳತೆಯದ್ದೋ ಓದಿಕೊಳ್ಳಿ. ಒಂದನ್ನು ಇನ್ನೊಂದೆಂದು ತಿಳಿದರೆ ಎಷ್ಟು ದಿನವಾದರೂ ಜಿಗುಟು ಹೋಗುವುದಿಲ್ಲ.

ಸುರಿಯುವ ಮುಂಚೆ ಮೂರು ಕೆಲಸ. ತಳ ಮತ್ತು ದಡ ಕೂಡುವ ಸಂದಿಯನ್ನೆಲ್ಲ ಫೆವಿಕಾಲಿನಿಂದ ಮುಚ್ಚಿ ಒಂದು ರಾತ್ರಿ ಒಣಗಿಸಿ, ಇಲ್ಲದಿದ್ದರೆ ರೆಸಿನ್ ಪದರಗಳ ನಡುವೆ ಇಂಗಿ ಬೆಳಗ್ಗೆ ನದಿ ಬತ್ತಿರುತ್ತದೆ. ಹಲಗೆಯ ಪೂರ್ವ ಪಶ್ಚಿಮ ಅಂಚುಗಳಲ್ಲಿ ನದಿ ಹೊರಬೀಳುವ ಕಡೆ ಓಎಚ್‌ಪಿ ಹಾಳೆಯ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಪಟ್ಟಿಯನ್ನು ಟೇಪಿನಿಂದ ಬಿಗಿದು ಅಣೆ ಕಟ್ಟಿ. ಹಲಗೆಯನ್ನು ಮಟ್ಟಗೋಲಿಟ್ಟು ನಾಲ್ಕೂ ಕಡೆ ಸಮ ಮಾಡಿ. ರೆಸಿನ್ ಹರಿದ ಮೇಲೆ 1 ಮಿ.ಮೀ.ನಷ್ಟು ತೆಳು ಪದರ ಬಣ್ಣದ ಮೇಲಿನಿಂದ ಅಲ್ಲಲ್ಲಿ ಹಿಂದೆ ಸರಿದು ಬೋಳು ಬಿಡುತ್ತದೆ. ಮೊದಲ ಅರ್ಧ ಗಂಟೆ ಸಣ್ಣ ಬ್ರಷ್ಷಿನಿಂದ ಮತ್ತೆ ಮತ್ತೆ ಮೂಲೆಗಳಿಗೆ ಎಳೆಯುತ್ತಿರಬೇಕು. ಮಳೆಗಾಲದ ತೇವದಲ್ಲಿ ಮೇಲೆ ಮಂಜು ಮುಸುಕಿದಂತೆ ಬಿಳಿ ಪೊರೆ ಕಟ್ಟಬಹುದು. ಪೂರ್ತಿ ಗಟ್ಟಿಯಾದ ಮೇಲೆ ಉಗುರುಬೆಚ್ಚಗಿನ ಸೋಪುನೀರಲ್ಲಿ ಒರೆಸಿದರೆ ಅದು ಹೋಗುತ್ತದೆ.

ಲೋಕಪಾವನಿಯನ್ನು ಮರೆತು ಮಾಡಿದ ಮಾದರಿ ಅಪೂರ್ಣ. ಕರೀಘಟ್ಟದ ಬುಡವನ್ನು ಸುತ್ತಿ ಬಂದು ಕಾವೇರಿ ಸೇರುವ ಈ ಹೊಳೆ ಬೆಟ್ಟಕ್ಕೂ ಟಿಪ್ಪುವಿನ ಪಾಳೆಯಕ್ಕೂ ನಡುವೆ ಹರಿಯುತ್ತದೆ. ಎಡಸಾಲಿನ ನಾಯಕ ಮ್ಯಾಕ್ಸ್‌ವೆಲ್ ಬೆಟ್ಟವನ್ನು ಬೇಗನೆ ಹಿಡಿದರೂ ಪಾಳೆಯದೊಳಕ್ಕೆ ನುಗ್ಗಲು ಈ ಹೊಳೆ ದಾಟಲೇಬೇಕಿತ್ತು. ಇದಕ್ಕೆ ಬೋರ್ಡು ಕತ್ತರಿಸುವುದು ಬೇಡ, ಪುಟ್ಟಿ ಹಸಿಯಾಗಿರುವಾಗ ಬಾಲ್‌ಪೆನ್ನಿನ ಹಿಂಭಾಗದಿಂದ ಗೀರಿ, ಒಣಗಿದ ಮೇಲೆ ಹೊಳಪಿನ ವಾರ್ನಿಷ್ ಎರಡು ಕೈ. ನಾಲೆಗೂ ಹಾಗೆಯೇ, ಗುಂಡುಪಿನ್ನಿನಿಂದ ಗೀರಿ. ನಾಲೆ ಇಳಿಜಾರನ್ನು ನೇರವಾಗಿ ಇಳಿಯದೆ ಸಮೋನ್ನತಿ ರೇಖೆಗೆ ಒಗ್ಗಿಕೊಂಡು ಸಾಗಬೇಕು, ಕೈ ಜಾರಿದರೆ ನೀರು ಏರುಮುಖವಾಗಿ ಹರಿದಂತಾಗುತ್ತದೆ.

ಬೇಲಿ, ಬುರುಜು, ಕೋಟೆ

ಟಿಪ್ಪುವಿನ ಪಾಳೆಯವನ್ನು ಉತ್ತರ ದಡದಲ್ಲಿ ಸುತ್ತುವರಿದಿದ್ದದ್ದು ಕಳ್ಳಿ, ಕತ್ತಾಳೆ, ಮುಳ್ಳುಗಿಡಗಳ ದಟ್ಟ ಬೇಲಿ. ಸುಮಾರು 5 ಕಿ.ಮೀ. ಉದ್ದದ್ದು, ಅಂದರೆ ಹಲಗೆಯ ಮೇಲೆ ಅರ್ಧ ಮೀಟರ್. ಗೋಣಿದಾರದ ಎಳೆಯನ್ನು ಕಡುಹಸಿರು ಬಣ್ಣದಲ್ಲಿ ಅದ್ದಿ, ಒಣಗಿಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರೆ ನಾರು ಎದ್ದು ಮುಳ್ಳಿನ ಪೊದೆಯಂತಾಗುತ್ತದೆ. ಎಳೆ 1.5 ಮಿ.ಮೀ. ದಪ್ಪವಿದ್ದರೆ ಲೆಕ್ಕಕ್ಕೆ 15 ಮೀಟರ್ ಅಗಲವಾಯಿತು, ನಿಜಕ್ಕಿಂತ ಹೆಚ್ಚು. ಆದರೆ ಇದಕ್ಕಿಂತ ಸಣ್ಣದಾದರೆ ನಿಂತು ನೋಡುವವರ ಕಣ್ಣಿಗೆ ಬೀಳುವುದಿಲ್ಲ, ಆ ರಾತ್ರಿಯ ಕಥೆಯಲ್ಲಿ ಬೇಲಿ ಕಾಣಲೇಬೇಕು.

ಬೇಲಿಯೊಳಗಿನ ಬುರುಜುಗಳಿಗೆ 1 ಮಿ.ಮೀ. ರಟ್ಟಿನ 8 ಮಿ.ಮೀ. ಬಿಲ್ಲೆಗಳು, ಒಂದರ ಮೇಲೊಂದು ಎರಡು, ಮೇಲಿನದರ ನಡುವೆ ತೂತು. ಈದ್ಗಾ, ಲಾಲಿ, ಮಹಮದ್, ಸುಲ್ತಾನ್ ಎಂಬ ನಾಲ್ಕಕ್ಕೆ ಹೆಸರುಪಟ್ಟಿ ಅಗತ್ಯ. ಪಶ್ಚಿಮದ ಈದ್ಗಾ ಬುರುಜನ್ನು ಮಿಕ್ಕವುಗಳಿಗಿಂತ ಅರ್ಧ ಮಿ.ಮೀ. ಎತ್ತರಿಸಿ, ಅದು ದಿಣ್ಣೆಯ ಮೇಲಿತ್ತು.

ಕೋಟೆಯ ಹೊರಗೆರೆ ಇಂದಿಗೂ ಇರುವುದರಿಂದ ಟ್ರೇಸ್ ಮಾಡುವುದು ಕಷ್ಟವಲ್ಲ. ಆದರೆ ಇಂದು ಕಾಣುವ ಕೋಟೆ 1799ರದು. 1792ರ ಸೋಲಿನ ನಂತರ ಟಿಪ್ಪು ಅದನ್ನು ಸಾಕಷ್ಟು ಬಲಪಡಿಸಿದ. ಒಳಸುತ್ತಿನ ಗೋಡೆ ಕಂದಕಗಳನ್ನೆಲ್ಲ ತೋರಿಸಬೇಡಿ, ಹೊರಸುತ್ತು ಸಾಕು. ವಾಯವ್ಯದ ಬಿರುಕನ್ನು ತೋರಿಸುವುದಂತೂ ಶುದ್ಧ ತಪ್ಪು, ಅದು ಏಳು ವರ್ಷ ಆಮೇಲಿನದು. ಜಾಮಿಯಾ ಮಸೀದಿ, ರಂಗನಾಥ ದೇವಾಲಯ, ದರಿಯಾ ದೌಲತ್, ಗುಂಬಜ್, ಗಂಜಾಮಿನ ಪೇಟೆ ಇವೆಲ್ಲ ಇರಬೇಕು. ಪೂರ್ವದ ಲಾಲ್‌ಬಾಗಿನ ಮರಗಳನ್ನು ಮಾತ್ರ ಬೇರೆ ರಟ್ಟಿನ ಮೇಲೆ ಮಾಡಿ, ತೆಗೆದಿಡುವಂತಿರಲಿ. ದಾಳಿಯ ನಂತರ ಮುತ್ತಿಗೆ ಹಾಕಿದಾಗ ಕಂದಕಕ್ಕೆ ಬೇಕಾದ ಕಟ್ಟಿಗೆಯ ಹೊರೆಗಳಿಗಾಗಿ ಆ ತೋಟವನ್ನು ಕಡಿದುಹಾಕಿದರು. ಫೆಬ್ರವರಿ 18ರ ರಾತ್ರಿ ಉತ್ತರ ದಡದಲ್ಲಿ ಮೊದಲ ಕಂದಕ ತೋಡಿದ ಘಟ್ಟ ತೋರಿಸುವಾಗ ಮರಗಳ ರಟ್ಟನ್ನು ಎತ್ತಿಬಿಟ್ಟರೆ ಸಾಕು, ಬೋಳು ನೆಲವೇ ಉಳಿದದ್ದನ್ನು ಹೇಳುತ್ತದೆ. ಮರಕ್ಕೆ ಸ್ಪಂಜಿನ ಪುಡಿ: ಪಾತ್ರೆ ತೊಳೆಯುವ ಸ್ಪಂಜನ್ನು ಚೂರು ಮಾಡಿ ಹಳೆಯ ಮಿಕ್ಸಿಯಲ್ಲಿ ನೀರಿನ ಜೊತೆ ಅರೆದು, ಹಿಂಡಿ, ಬಣ್ಣ ಹಾಕಿ. ಒಣದಾಗಿ ಅರೆದರೆ ಸ್ಪಂಜು ಬ್ಲೇಡಿಗೆ ಸುತ್ತಿಕೊಳ್ಳುತ್ತದೆ.

ಮೂರು ಸಾಲು, 87 ಚುಕ್ಕೆ

ಸಾಲುಗಳನ್ನು ಬಣ್ಣದ ಗೆರೆಯಲ್ಲಿ ಬರೆದರೆ ಹೊತ್ತು ತಿಳಿಯುವುದಿಲ್ಲ. ಅದಕ್ಕೆ ಬೆಳಕಿನ ಚುಕ್ಕೆಗಳು. ಬಲಸಾಲು ಮೆಡೋಸ್‌ನದು, 900 ಯುರೋಪಿಯನ್ನರು, 2,400 ಸಿಪಾಯಿಗಳು. ನಡುಸಾಲು ಕಾರ್ನ್‌ವಾಲಿಸನದು, 1,400 ಮತ್ತು 2,300. ಎಡಸಾಲು ಮ್ಯಾಕ್ಸ್‌ವೆಲ್‌ನದು, 500 ಮತ್ತು 1,200. ನೂರು ಜನಕ್ಕೆ ಒಂದು ಚುಕ್ಕೆಯಂತೆ 33, 37, 17. ಒಟ್ಟು 87. ಎಡಸಾಲಿನ ಚುಕ್ಕೆಗಳು 5 ಸೆಂ.ಮೀ.ಗೊಂದು, ನಡುಸಾಲಿನವು ಎರಡೂವರೆ ಸೆಂ.ಮೀ.ಗೊಂದು ಬಂದು, ಯಾವುದರಲ್ಲಿ ಜನ ಹೆಚ್ಚು ಎಂಬುದು ಓದದೆಯೇ ಕಾಣುತ್ತದೆ. ಫಿರಂಗಿಗೆ ಚುಕ್ಕೆ ಇಲ್ಲ, ಏಕೆಂದರೆ ಒಂದನ್ನೂ ಒಯ್ಯಲಿಲ್ಲ. ನಿಜಾಮನ ಮಗ ಸಿಕಂದರ್ ಜಾ ಮತ್ತು ಮರಾಠರ ಹರಿಪಂತ ಫಡ್ಕೆಯ ಪಡೆಗಳು ಹಿಂದಿನ ಬಿಡಾರದಲ್ಲೇ ಉಳಿದವು, ಅವುಗಳಿಗೆ ಕುಂತಿಬೆಟ್ಟದ ಹಿಂದೆ ಉರಿಯುತ್ತಲೇ ಇರುವ ಎರಡು ಹಳದಿ ದೀಪ. ಮರಾಠರ ಇನ್ನೊಬ್ಬ ಸೇನಾಪತಿ ಪರಶುರಾಮ ಭಾವು ಆಗ ಶಿವಮೊಗ್ಗದ ಕಡೆ ಇದ್ದುದರಿಂದ ಹಲಗೆಯ ಮೇಲೆ ಇಲ್ಲ.

ಬೇಕಾದದ್ದು: ಮೀಟರಿಗೆ 30 ದೀಪವಿರುವ ಡಬ್ಲ್ಯೂಎಸ್ 2812ಬಿ ಪಟ್ಟಿ (ಪ್ರತಿ ದೀಪವನ್ನೂ ಬೇರೆ ಬೇರೆಯಾಗಿ ಉರಿಸಬಹುದಾದ ಎಲ್‌ಇಡಿ ಪಟ್ಟಿ) 3 ಮೀಟರ್ (90 ದೀಪ), ದೀಪಗಳನ್ನು ನಿಯಂತ್ರಿಸುವ ಪುಟ್ಟ ಫಲಕ ಆರ್ಡುಯಿನೊ ನ್ಯಾನೊ ಒಂದು, 5 ವೋಲ್ಟ್ 3 ಆಂಪಿಯರ್ ಅಡಾಪ್ಟರ್, 330 ಓಮ್ ರೆಸಿಸ್ಟರ್ ಒಂದು (ಮೊದಲ ದೀಪದ ಡೇಟಾ ತಂತಿಗೆ), 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದು, 1 ಮಿ.ಮೀ. ಪ್ಲಾಸ್ಟಿಕ್ ಆಪ್ಟಿಕಲ್ ಫೈಬರ್ 30 ಮೀಟರ್, ತುಂಡುಗಳ ನಡುವೆ ಮೂರು ಪಿನ್ನಿನ ಕನೆಕ್ಟರ್. ಒಂದೇ ಬಣ್ಣ ಉರಿಸಿದರೆ ದೀಪಕ್ಕೆ ಸುಮಾರು 20 ಮಿಲಿಆಂಪಿಯರ್, 87ಕ್ಕೆ 1.74 ಆಂಪಿಯರ್. ಬಿಳಿ ಬಣ್ಣ ಉರಿಸಿದರೆ ಮೂರು ಪಟ್ಟು ಎಳೆಯುತ್ತದೆ, ಈ ಅಡಾಪ್ಟರ್ ತಾಳದು. ಆದ್ದರಿಂದ ಸಾಲುಗಳಿಗೆ ಕೆಂಪು ಮಾತ್ರ. ಪಟ್ಟಿಯ ಎರಡೂ ತುದಿಗೆ ವಿದ್ಯುತ್ ಕೊಡಿ, ಇಲ್ಲವಾದರೆ ದೂರದ ದೀಪಗಳು ಮಂಕಾಗುತ್ತವೆ.

ಪಟ್ಟಿ ಹಲಗೆಯ ಅಡಿಯಲ್ಲಿ, ಫೈಬರ್ ಮೇಲಕ್ಕೆ. ಸನ್‌ಬೋರ್ಡಿನ ತುಂಡಿನಲ್ಲಿ 33 ಮಿ.ಮೀ.ಗೊಂದು 1.2 ಮಿ.ಮೀ. ತೂತು ಕೊರೆದು ಪಟ್ಟಿಯ ಮೇಲೆ ಕೂರಿಸಿದರೆ ಫೈಬರಿನ ಬುಡ ದೀಪದ ನೆತ್ತಿಗೆ ನೇರ ನಿಲ್ಲುತ್ತದೆ. ಈ ತುಂಡಿಗೆ, ತೂತುಗಳ ಒಳಗೂ ಸೇರಿ, ಕಪ್ಪು ಬಣ್ಣ ಬಳಿಯದಿದ್ದರೆ ಬಿಳಿ ಬೋರ್ಡು ತಾನೇ ಹೊಳೆಯತೊಡಗಿ ಪಕ್ಕದ ಚುಕ್ಕೆಗಳೂ ಅರೆಬರೆ ಉರಿಯುತ್ತವೆ. ಫೈಬರನ್ನು ಉಗುರುಕತ್ತರಿಯಲ್ಲಿ ಕತ್ತರಿಸಿದರೆ ತುದಿ ಜಜ್ಜಿ ಬೆಳಕು ಅರ್ಧಕ್ಕಿಳಿಯುತ್ತದೆ. ಹೊಸ ಬ್ಲೇಡಿನಿಂದ ಕಡಿದು 1000 ನಂಬರ್ ಕಾಗದದಲ್ಲಿ ತಿಕ್ಕಿ. ಎರಡೂವರೆ ಸೆಂ.ಮೀ.ಗಿಂತ ಬಿಗಿಯಾಗಿ ಬಗ್ಗಿಸಬೇಡಿ, ಬಾಗಿದ ಕಡೆಯಲ್ಲೇ ಬೆಳಕು ಸೋರಿಹೋಗುತ್ತದೆ. ಮಣ್ಣು ಹೊದಿಸುವ ಮುಂಚೆಯೇ ಫೈಬರ್ ತೂರಿಸಿ, 5 ಮಿ.ಮೀ. ಮೇಲೆ ಬಿಟ್ಟು, ಎಲ್ಲ ಮುಗಿದ ಮೇಲೆ ನೆಲಮಟ್ಟಕ್ಕೆ ಕತ್ತರಿಸಬೇಕು.

ರಾತ್ರಿ ಎಂಟೂವರೆಯಿಂದ ಬೆಳಗಿನ ಆರೂವರೆಗೆ ಹತ್ತು ಗಂಟೆ. ಗಂಟೆಗೆ 12 ಸೆಕೆಂಡಿನಂತೆ ಒಂದು ಸುತ್ತು ಎರಡು ನಿಮಿಷ. ಬಲಸಾಲಿನ 33 ಚುಕ್ಕೆಗಳಲ್ಲಿ ಈದ್ಗಾದವರೆಗೆ 20, ಉಳಿದ 13 ಈದ್ಗಾದಿಂದ ಕರೀಘಟ್ಟದವರೆಗೆ. ಈ 13ನ್ನು ಇಡಲೇಬೇಕು. ದೂರದ ಈದ್ಗಾ ಬುರುಜಿನ ಮೇಲೆ ಬೀಳುವುದು ಯೋಜನೆಯಲ್ಲಿ ಇರಲಿಲ್ಲ. ದಾರಿ ತಪ್ಪಿ ಅಲ್ಲಿಗೆ ಹೋದ ಸಾಲು, ಅನೇಕರನ್ನು ಕಳೆದುಕೊಂಡು ಅದನ್ನು ಹಿಡಿದು, ಆಮೇಲೆ ಕಾರ್ನ್‌ವಾಲಿಸನನ್ನು ಹುಡುಕುತ್ತಾ ಅವನನ್ನು ದಾಟಿ ಇನ್ನೊಂದು ತುದಿಯ ಕರೀಘಟ್ಟ ತಲುಪಿತು, ಆಗ ಬೆಳಗಾಗಿತ್ತು. ಹಲಗೆಯ ಉತ್ತರ ಅಂಚಿಗೆ ಗಲ್ಲವಿಟ್ಟು, ಕಣ್ಣನ್ನು ನೆಲಮಟ್ಟಕ್ಕೆ ತಂದು ದಕ್ಷಿಣಕ್ಕೆ ನೋಡಿ: ಪೂರ್ವದಲ್ಲಿ ಕರೀಘಟ್ಟ ಎದ್ದು ಕಾಣುತ್ತದೆ, ಪಶ್ಚಿಮದಲ್ಲಿ ಕಣ್ಣಿಗೆ ಗುರುತು ಸಿಗುವಂಥದ್ದು ಏನೂ ಇಲ್ಲ. ಎಡಸಾಲು ದಾರಿ ತಪ್ಪದೆ ಬಲಸಾಲು ಯಾಕೆ ತಪ್ಪಿತೆಂದು ಹೇಳಲು ಇದಕ್ಕಿಂತ ಉದ್ದದ ವಿವರಣೆ ಬೇಡ ಎಂಬುದು ನಮ್ಮ ಅಭಿಪ್ರಾಯ.

ಅದು ಹುಣ್ಣಿಮೆಯ ಹಿಂದಿನ ರಾತ್ರಿ. ಕೋಣೆಯ ದೀಪ ಆರಿಸಿ, ತಣ್ಣನೆ ಬಿಳಿಯ ಒಂದು ಚಿಕ್ಕ ದೀಪವನ್ನು ಪೂರ್ವದ ಕಡೆಯಿಂದ ಅರ್ಧ ಎತ್ತರದಲ್ಲಿ ಹಿಡಿದರೆ ಸಾಲು ಹೊರಟ ಹೊತ್ತಿನ ಬೆಳದಿಂಗಳು. ಬೇಲಿಯ ನೆರಳು ಪಶ್ಚಿಮಕ್ಕೆ ಬೀಳಬೇಕು.

1791ರ ನೀರು

ನದಿಯಲ್ಲಿ ಮೇಲೆ ಉಳಿಸಿದ 1 ಮಿ.ಮೀ. ಜಾಗಕ್ಕೆ ಬಂಡೆಕಾಳುಗಳ ಮೇಲೆ ಕೂರುವಂತೆ ಅರ್ಧ ಮಿ.ಮೀ. ಅಕ್ರಿಲಿಕ್ ಹಾಳೆಯಿಂದ ನದಿಯ ಆಕಾರ ಕತ್ತರಿಸಿ, ಅಡಿಗೆ ಕೆಂಗಂದು ಬಣ್ಣ ಬಳಿದು ಕೂರಿಸಿ. ಬಂಡೆ, ದಿಣ್ಣೆ, ಹಾಯುವ ಜಾಗ ಎಲ್ಲ ಮುಳುಗುತ್ತವೆ. 1791ರ ಮೇ 15ರಂದು ಅರಕೆರೆಯ ಕಡೆಯಿಂದ ಬಂದು ಟಿಪ್ಪುವಿನ ಪಡೆಯನ್ನು ಕೋಟೆಯತ್ತ ಹಿಮ್ಮೆಟ್ಟಿಸಿದ ಕಾರ್ನ್‌ವಾಲಿಸನ ಮುಂದಿದ್ದದ್ದು ಇಂಥ ನದಿ. ಮಲಬಾರಿನಿಂದ ಕೊಡಗಿನ ಮೂಲಕ ಪಿರಿಯಾಪಟ್ಟಣಕ್ಕೆ ಬಂದಿದ್ದ ಕಂಪನಿಯ ಇನ್ನೊಬ್ಬ ಸೇನಾಪತಿ ಅಬರ್‌ಕ್ರೋಂಬಿಯನ್ನು ಕೂಡಲು ಅವನು ಕನ್ನಂಬಾಡಿಯ ಕಡೆ ನಡೆದ. ಮಳೆ ಬೇಗ ಹಿಡಿದಿತ್ತು, ಎತ್ತುಗಳು ಸಾಯುತ್ತಿದ್ದವು, ಫಿರಂಗಿ ಎಳೆಯಲು ಗತಿಯಿರಲಿಲ್ಲ. ಮೇ 22ರಂದು ಮುತ್ತಿಗೆಯ ಭಾರಿ ತೋಪುಗಳನ್ನು ಅವರೇ ಒಡೆದುಹಾಕಿ, 26ರಂದು ಬೆಂಗಳೂರಿನ ದಾರಿ ಹಿಡಿದರು. ಧಾರವಾಡದ ಮುತ್ತಿಗೆಯಲ್ಲಿ ತಿಂಗಳುಗಟ್ಟಲೆ ಸಿಕ್ಕಿಬಿದ್ದಿದ್ದ ಮರಾಠರ ಪಡೆ ಎದುರಾದದ್ದು ಆ ಹಿಂದಿರುಗುವ ದಾರಿಯಲ್ಲಿ. ಕನ್ನಂಬಾಡಿ ಈ ಹಲಗೆಯಿಂದ ಪಶ್ಚಿಮಕ್ಕೆ ಹೊರಗಿದೆ. ಅಂಚಿನ ಪಟ್ಟಿಯ ಮೇಲೆ ಬಾಣದ ಗುರುತು ಹಾಕಿ ಹೆಸರು ಬರೆದರೆ ಸಾಕು.

ಅಕ್ರಿಲಿಕ್ಕನ್ನು ಅಳತೆಗೆ ಸರಿಯಾಗಿ ಕತ್ತರಿಸಿದರೆ ಬೇಸಿಗೆಯಲ್ಲಿ ಹಿಗ್ಗಿ ದಡಕ್ಕೆ ಒತ್ತಿ ಪುಟ್ಟಿ ಒಡೆಯುತ್ತದೆ. ಸುತ್ತಲೂ ಅರ್ಧ ಮಿ.ಮೀ. ಸಡಿಲ ಬಿಡಿ. ದ್ವೀಪವನ್ನು ಸುತ್ತುವ ಒಂದೇ ಉಂಗುರವಾಗಿ ಮಾಡಿದರೆ ಎತ್ತುವಾಗ ಮುರಿಯುತ್ತದೆ, ಸಂಗಮದ ಹತ್ತಿರ ಮತ್ತು ಕೋಟೆಯ ಪಶ್ಚಿಮ ತುದಿಯಲ್ಲಿ ಕಡಿದು ನಾಲ್ಕು ತುಂಡು ಮಾಡಿ. ಎತ್ತರದ ಬಂಡೆಕಾಳು ಎಲ್ಲಾದರೂ ತಗುಲಿದರೆ ಹಾಳೆ ಕುಂಟುತ್ತದೆ. ಅಂಥ ಕಾಳುಗಳ ನೆತ್ತಿಯನ್ನು ಉಗುರು ಅರದಿಂದ ತಟ್ಟಿ ಸಮ ಮಾಡಿ, ದಡದೊಂದಿಗೆ ಹಾಳೆ ಮಟ್ಟಸವಾಗಿ ಕೂತಿದೆಯೇ ಎಂದು ಬೆರಳಾಡಿಸಿ ನೋಡಿ. ಪ್ರತಿ ತುಂಡಿಗೂ ಒಂದು 3 ಮಿ.ಮೀ. ತೂತು ಕೊರೆದಿಟ್ಟರೆ ಬೆಂಕಿಕಡ್ಡಿ ತೂರಿಸಿ ಎತ್ತಬಹುದು.